ಶೇಖಾವತಿಗೆ ಹೋಗ್ತೀರಾ? ಎರಡು ಊರು ಸಾಕು

ಪ್ರಶ್ನೆ: ಜನವರಿಯಲ್ಲಿ ಅತ್ತೆ, ಮಾವನ ಜೊತೆ ರಾಜಸ್ಥಾನಕ್ಕೆ ಹೊರಟಿದ್ದೇವೆ. ಜೈಪುರ ಮುಗಿದ ಮೇಲೆ ಮೂರು ದಿನ ಉಳಿಯುತ್ತದೆ. ಗೋಡೆ ತುಂಬ ಚಿತ್ರ ಬರೆದ ಹವೇಲಿಗಳನ್ನು ನೋಡಲು ಶೇಖಾವತಿಗೆ ಹೋಗೋಣ ಅಂತ ನನಗಾಸೆ. ‘ಹಳೇ ಮನೆ ನೋಡೋಕೆ ಅಷ್ಟು ದೂರ ಹೋಗ್ಬೇಕಾ?’ ಅಂತಾರೆ ನಮ್ಮನೆಯವರು. ಅತ್ತೆಗೆ ಮಂಡಿನೋವು ಬೇರೆ. ಏನು ಮಾಡಲಿ? – ಓದುಗರು, ಮಂಡ್ಯ

ಉತ್ತರ: ಹೋಗಿ, ಖಂಡಿತ ಹೋಗಿ. ಜುಂಝುನು, ಸೀಕರ್, ಚೂರು ಜಿಲ್ಲೆಗಳು ಸೇರಿದ ಸೀಮೆ ಅದು. ಹದಿನೈದನೇ ಶತಮಾನದ ರಾವ್ ಶೇಖಾನಿಂದ ಆ ಹೆಸರು ಬಂತು. ಜೈಪುರದಿಂದ ಆ ಸೀಮೆಯ ನವಲ್‌ಗಢ ಊರಿಗೆ ಸುಮಾರು 140 ಕಿ.ಮೀ. ಬೆಳಿಗ್ಗೆ ತಿಂಡಿ ತಿಂದು ಕಾರಿನಲ್ಲಿ ಹೊರಟರೆ ಮಧ್ಯಾಹ್ನದ ಊಟಕ್ಕೆ ಅಲ್ಲಿರುತ್ತೀರಿ. ಸೀಕರ್ ಮೇಲೆ ರೈಲೂ ಇದೆ.

ಆದರೆ ಒಂದು ಮಾತು. ಮೂರು ದಿನದಲ್ಲಿ ಹತ್ತು ಊರು ಸುತ್ತಬೇಡಿ. ನಾನು ಮೊದಲ ಸಲ ಹೋದಾಗ ಅದನ್ನೇ ಮಾಡಿದೆ. ಸಂಜೆ ಹೊತ್ತಿಗೆ ಯಾವ ಚಿತ್ರ ಯಾವ ಮನೆಯದು ಅಂತಲೇ ನೆನಪಿರಲಿಲ್ಲ. ನವಲ್‌ಗಢದಲ್ಲಿ ಎರಡು ರಾತ್ರಿ ಉಳಿಯಿರಿ, ಒಂದು ದಿನ ಮಂಡಾವಾಕ್ಕೆ ಹೋಗಿ ಬನ್ನಿ, ಸುಮಾರು 30 ಕಿ.ಮೀ. ಅಷ್ಟೇ. ಇನ್ನೂ ಆಸೆ ಇದ್ದರೆ ಫತೇಪುರ.

ಅತ್ತೆಯವರ ಮಂಡಿಗೆ ಹೆದರಬೇಡಿ. ಹವೇಲಿಗಳ ಮೆಟ್ಟಿಲು ಕಡಿದು, ಕಿರಿದು, ಅವರು ಹತ್ತುವುದು ಬೇಡ. ಆದರೆ ಅರ್ಧಕ್ಕರ್ಧ ಚಿತ್ರ ಇರುವುದು ಹೊರಗೋಡೆಯ ಮೇಲೆ, ಬೀದಿಯಲ್ಲಿ ನಿಂತೇ ನೋಡಬಹುದು. ಒಳಗಿನದೂ ನಮ್ಮ ತೊಟ್ಟಿಮನೆಯ ಹಾಗೆಯೇ, ನಡುವೆ ಅಂಗಳ, ಸುತ್ತ ಕೋಣೆ. ದೊಡ್ಡ ಹವೇಲಿಯಾದರೆ ಎರಡು ಅಂಗಳ: ಹೊರಗಿನದು ಗಂಡಸರ ವ್ಯಾಪಾರದ ಮಾತಿಗೆ, ಒಳಗಿನದು ಹೆಂಗಸರಿಗೆ. ಅಂಗಳದ ಕಟ್ಟೆಯ ಮೇಲೆ ಅವರನ್ನು ಕೂರಿಸಿ. ತಲೆ ಎತ್ತಿದರೆ ಕೃಷ್ಣ, ಆನೆ, ಒಂಟೆ ಎಲ್ಲ ಕಾಣುತ್ತವೆ. ನವಲ್‌ಗಢದ ಪೋದಾರ್ ಹವೇಲಿ 1902ರದು, ಈಗ ಮ್ಯೂಸಿಯಂ. ಚೆನ್ನಾಗಿ ನೋಡಿಕೊಂಡಿದ್ದಾರೆ, ಅಲ್ಲಿಂದಲೇ ಶುರು ಮಾಡಿ.

ಚಳಿಯ ಬಗ್ಗೆ ನೀವು ಕೇಳಲಿಲ್ಲ, ನಾನೇ ಹೇಳುತ್ತೇನೆ. ಮರಳುಗಾಡು ಅಂತ ಬರೀ ಹತ್ತಿ ಬಟ್ಟೆ ತುಂಬಿಕೊಂಡು ಹೋಗಬೇಡಿ. ಜನವರಿ ರಾತ್ರಿ ಫತೇಪುರ, ಚೂರು ಕಡೆ ಸೊನ್ನೆಗಿಂತ ಕೆಳಗೆ ಇಳಿಯುವುದೂ ಉಂಟು. ಮಂಡ್ಯದ ಚಳಿ ಅದರ ಮುಂದೆ ಏನೇನೂ ಅಲ್ಲ. ಮಾವನಿಗೆ ಮಂಕಿ ಟೋಪಿ, ಎಲ್ಲರಿಗೂ ದಪ್ಪ ಸ್ವೆಟರ್ ಇರಲಿ.

ಪ್ರಶ್ನೆ: ನೀರೇ ಇಲ್ಲದ ಊರಿನಲ್ಲಿ ಅಷ್ಟು ದುಡ್ಡು ಎಲ್ಲಿಂದ ಬಂತು? ಆ ಚಿತ್ರಗಳೂ ನಮ್ಮ ಶ್ರೀರಂಗಪಟ್ಟಣದ ದರಿಯಾ ದೌಲತ್‌ನಲ್ಲಿ ಇರುವಂಥವೇ? – ಓದುಗರು, ಮೈಸೂರು

ಉತ್ತರ: ಒಳ್ಳೆಯ ಪ್ರಶ್ನೆ. ದರಿಯಾ ದೌಲತ್ 1784ರ ಅರಮನೆ, ಅದರ ಗೋಡೆಯ ಮೇಲಿನ ಪೊಳ್ಳಿಲೂರು ಯುದ್ಧ ದೊರೆಯ ಗೆಲುವಿನ ಚಿತ್ರ. ಶೇಖಾವತಿಯವು ವ್ಯಾಪಾರಿಗಳ ಮನೆಗಳು. ಗುಜರಾತಿನ ಬಂದರುಗಳಿಗೂ ದೆಹಲಿಗೂ ನಡುವೆ ಒಂಟೆ ಸಾಲು ಸಾಗುತ್ತಿದ್ದ ದಾರಿ ಅದು, ಅದರಿಂದ ಮೊದಲು ದುಡ್ಡು ಬಂತು. ಬ್ರಿಟಿಷರ ಕಾಲಕ್ಕೆ ವ್ಯಾಪಾರ ಬಂದರುಗಳ ಕಡೆ ಸರಿಯಿತು, ಈ ಮಾರವಾಡಿಗಳೂ ಕಲ್ಕತ್ತಾ, ಬೊಂಬಾಯಿ ಸೇರಿದರು, ಹೆಂಡತಿ ಮಕ್ಕಳು ಊರಿನಲ್ಲೇ ಉಳಿದರು, ಅಲ್ಲಿ ದುಡಿದದ್ದು ಇಲ್ಲಿ ಮನೆಯಾಗಿ, ಬಾವಿಯಾಗಿ, ಛತ್ರವಾಗಿ ನಿಂತಿತು. ಬಿರ್ಲಾ ಮನೆತನದ ಊರು ಪಿಲಾನಿಯೂ ಇದೇ ಸೀಮೆಯದು.

ಚಿತ್ರ ಬರೆದವರನ್ನು ಚೇಜಾರಾ ಅನ್ನುತ್ತಾರೆ. ಗೋಡೆ ಕಟ್ಟುವವರೂ ಅವರೇ, ಚಿತ್ರ ಬರೆಯುವವರೂ ಅವರೇ. ಸುಣ್ಣಕ್ಕೆ ಅಮೃತಶಿಲೆ ಪುಡಿ ಸೇರಿಸಿ ಗಾರೆ ಮಾಡಿ, ಅದು ಹಸಿಯಿರುವಾಗಲೇ ಬಣ್ಣ ಹಚ್ಚಬೇಕು. ಕೆಮ್ಮಣ್ಣು, ದೀಪದ ಮಸಿ, ನೀಲಿ. ಗೋಡೆ ಬಣ್ಣ ಕುಡಿದು ಒಣಗುತ್ತದೆ. ಆಮೇಲೆ ನುಣುಪು ಕಲ್ಲಿನಿಂದ ಉಜ್ಜಿದರೆ ಹೊಳಪು. ಅದಕ್ಕೇ ನೂರು ವರ್ಷದ ಬಿಸಿಲಿಗೂ ಮಾಸಿಲ್ಲ. ಮುಂದೆ ವಿದೇಶದಿಂದ ಡಬ್ಬಿ ಬಣ್ಣ ಬಂತು. ಕಣ್ಣಿಗೆ ಹೊಡೆಯುವ ನೀಲಿ ಕಂಡರೆ ಅದು ಆಮೇಲಿನ ಕಾಲದ್ದು ಅಂತ ತಿಳಿಯಿರಿ.

ನನಗೆ ತುಂಬ ಹಿಡಿಸಿದ್ದು ರೈಲಿನ ಚಿತ್ರ. ಬರೆದವನು ರೈಲು ನೋಡಿರಲಿಕ್ಕಿಲ್ಲ, ಯಾರೋ ಹೇಳಿದ್ದನ್ನು ಕೇಳಿ ಬರೆದಂತಿತ್ತು. ಒಂದೊಂದು ಬೋಗಿಯೂ ಕಮಾನಿನ ಕಿಟಕಿಯಿರುವ ಪುಟ್ಟ ಮನೆ, ಕಿಟಕಿಗೊಬ್ಬರು ಪೇಟದವರು, ಎಲ್ಲರೂ ಒಂದೇ ಕಡೆ ನೋಡುತ್ತಿದ್ದಾರೆ. ಅದರ ಪಕ್ಕದ ಗೋಡೆಯಲ್ಲೇ ಗೋಪಿಯರು. ಅರ್ಧ ಗಂಟೆ ಅಲ್ಲೇ ನಿಂತಿದ್ದೆ.

ಪ್ರಶ್ನೆ: ಅನ್ನ, ಮುದ್ದೆ ಇಲ್ಲದೆ ನಮಗೆ ಆಗಲ್ಲ. ಅಲ್ಲಿ ಊಟ ಹೇಗೆ? – ಓದುಗರು, ಮದ್ದೂರು

ಉತ್ತರ: ಮುದ್ದೆ ಸಿಗಲ್ಲ. ಬಿಸಿ ಸಜ್ಜೆ ರೊಟ್ಟಿಗೆ ತುಪ್ಪ, ಬೆಲ್ಲ ಹಾಕಿ ಕೊಡುತ್ತಾರೆ, ಚಳಿಗೆ ಹೇಳಿ ಮಾಡಿಸಿದ್ದು. ವಯಸ್ಸಾದವರಿಗೆ ಸಜ್ಜೆ ಖಿಚಡಿ ಕೇಳಿ, ಮೆತ್ತಗಿರುತ್ತದೆ. ಕೇರ್ ಸಾಂಗ್ರಿ ಪಲ್ಯ ಬಿಡಬೇಡಿ. ಮರಳುಗಾಡಿನ ಎರಡು ಬೇರೆ ಬೇರೆ ಗಿಡಗಳ ಕಾಯಿ ಅವು, ಒಣಗಿಸಿಟ್ಟು ವರ್ಷವಿಡೀ ತಿನ್ನುತ್ತಾರೆ.

ಪ್ರಶ್ನೆ: ಅಲ್ಲಿ ಹಳೇ ಹವೇಲಿಯ ಕೆತ್ತನೆ ಬಾಗಿಲು ಮಾರಾಟಕ್ಕೆ ಸಿಗುತ್ತವಂತೆ. ಹೊಸ ಮನೆಗೆ ಒಂದು ತರಬಹುದಾ? – ಓದುಗರು, ಮೈಸೂರು

ಉತ್ತರ: ದಯವಿಟ್ಟು ಬೇಡ. ನನಗೆ ಸಂಕಟ ಆಗುವುದೇ ಇದಕ್ಕೆ. ಎಷ್ಟೋ ಹವೇಲಿಗಳ ವಾರಸುದಾರರು ಕೋಲ್ಕತ್ತಾ, ಮುಂಬೈಯಲ್ಲಿದ್ದಾರೆ. ಒಂದು ಮನೆಗೆ ಹತ್ತಾರು ಪಾಲುದಾರರು, ಬಾಗಿಲಿಗೆ ಬೀಗ. ಒಂದು ಮನೆಯಲ್ಲಿ ಕಾವಲುಗಾರನ ಸಂಸಾರ ಅಂಗಳದ ಮೂಲೆಯಲ್ಲಿ ಒಲೆ ಹೂಡಿತ್ತು, ಹೊಗೆಗೆ ಮೇಲಿನ ಕೃಷ್ಣನ ಮುಖ ಪೂರ್ತಿ ಕಪ್ಪಾಗಿತ್ತು, ಕೊಳಲು ಮಾತ್ರ ಕಾಣುತ್ತಿತ್ತು. ಅವರನ್ನು ಬೈಯಲೂ ಆಗಲ್ಲ, ಆ ಮನೆಗೆ ದಿನಾ ಕಸ ಗುಡಿಸುವವರು ಅವರೊಬ್ಬರೇ. ಬಾಗಿಲು ಕಿತ್ತರೆ ಚೌಕಟ್ಟಿನ ಸುತ್ತಲ ಗಾರೆ ಉದುರುತ್ತದೆ, ಅದರ ಜೊತೆ ಚಿತ್ರವೂ ಹೋಗುತ್ತದೆ. ಕೊಳ್ಳುವವರಿದ್ದರೆ ತಾನೇ ಕೀಳುವುದು?

ಒಳಗೆ ಬಿಟ್ಟ ಕಾವಲುಗಾರರ ಕೈಗೆ ನೂರು ರೂಪಾಯಿ ಕೊಡಿ, ಗೋಡೆ ಮುಟ್ಟಬೇಡಿ, ಕತ್ತಲೆ ಕೋಣೆಗೆ ಟಾರ್ಚ್ ಒಯ್ಯಿರಿ. ಏನಾದರೂ ತರಲೇಬೇಕು ಅಂದರೆ ಸೀಕರ್ ಕಡೆ ಬಾಂಧಣಿ ಸೀರೆ ಸಿಗುತ್ತದೆ, ಗಂಟು ಕಟ್ಟಿ ಬಣ್ಣಕ್ಕೆ ಅದ್ದಿದ್ದು. ಅದನ್ನು ತನ್ನಿ.