ದೊಡ್ಡ ಆಫೀಸ್ ಕ್ಯಾಂಪಸ್‌ಗೆ ಯಾವ ಎಸಿ ಒಳ್ಳೆಯದು?

ಹೊಸದಾಗಿ ಕಟ್ಟುತ್ತಿದ್ದರೆ ರೇಡಿಯಂಟ್ ಕೂಲಿಂಗ್ ನೋಡಿ. ಅಂದರೆ ಕಾಂಕ್ರೀಟ್ ಸ್ಲ್ಯಾಬ್ ಒಳಗೇ ಪೈಪ್ ಹಾಕಿ ತಣ್ಣೀರು ಹರಿಸುವುದು. ತಣ್ಣನೆ ಗಾಳಿ ಊದುವ ಮಾಮೂಲಿ ಸೆಂಟ್ರಲ್ ಎಸಿಗಿಂತ ಇದಕ್ಕೆ ಕರೆಂಟ್ ಕಡಿಮೆ ಸಾಕು.

ಇದು ಸುಮ್ನೆ ಹೇಳುವ ಮಾತಲ್ಲ. ಇನ್ಫೋಸಿಸ್ ತನ್ನ ಹೈದರಾಬಾದ್ ಕ್ಯಾಂಪಸ್ಸಿನಲ್ಲಿ ಒಂದೇ ಕಟ್ಟಡದ ಅರ್ಧಕ್ಕೆ ಮಾಮೂಲಿ ಎಸಿ, ಇನ್ನರ್ಧಕ್ಕೆ ರೇಡಿಯಂಟ್ ಹಾಕಿ ಅಳೆದು ನೋಡಿತು. ರೇಡಿಯಂಟ್ ಭಾಗ ಸುಮಾರು ಮೂರನೇ ಒಂದರಷ್ಟು ಕಡಿಮೆ ಕರೆಂಟ್ ತಿಂದಿತು.

ಕಾರಣ ನೀರು. ಒಂದು ಬಕೆಟ್ ನೀರು ಹೊರುವಷ್ಟು ಶಾಖ ಹೊರಲು ಸುಮಾರು 3,500 ಬಕೆಟ್ ಗಾಳಿ ಬೇಕು. ಅಷ್ಟು ಗಾಳಿ ತಳ್ಳುವ ಫ್ಯಾನಿಗೆ ಖರ್ಚು ಜಾಸ್ತಿ, ನೀರಿಗೆ ಸಣ್ಣ ಪಂಪ್ ಸಾಕು. ಇಡೀ ಸ್ಲ್ಯಾಬೇ ತಂಪಾಗುವುದರಿಂದ ನೀರು ಅಷ್ಟೊಂದು ಕೊರೆಯುವಂತಿರಬೇಕಿಲ್ಲ. ಹಾಗಾಗಿ ನೀರು ತಣಿಸುವ ಚಿಲ್ಲರ್ ಮೇಲಿನ ಹೊರೆಯೂ ಇಳಿಯುತ್ತದೆ.

ಒಂದು ಎಚ್ಚರಿಕೆ. ತಣ್ಣೀರಿನ ಚೊಂಬಿನ ಮೇಲೆ ಹನಿ ಕೂರುತ್ತದಲ್ವಾ, ಹಾಗೇ ಸ್ಲ್ಯಾಬೂ ಬೆವರಬಹುದು. ತೇವ ತೆಗೆದು ಹೊರಗಿನ ಗಾಳಿ ಒಳಗೆ ಬಿಡುವ ಬೇರೆ ಯಂತ್ರ ಬೇಕೇ ಬೇಕು. ಮಂಗಳೂರಿನಂಥ ಊರಲ್ಲಂತೂ ಇದನ್ನು ಮರೆಯಲೇಬೇಡಿ. ಹಳೇ ಕಟ್ಟಡವಾದರೆ ಸ್ಲ್ಯಾಬ್ ಒಡೆಯುವ ಗೋಜು ಬೇಡ, ಚಾವಣಿಗೆ ತೂಗುಹಾಕುವ ರೇಡಿಯಂಟ್ ಪ್ಯಾನೆಲ್ ಸಿಗುತ್ತವೆ.