ಮಾತು ನಿಂತಲ್ಲಿ ನೋವು ಯಾರ ಪಾಲಿಗೆ? ಕಿಮ್ ಕಿ-ದುಕ್ ಚಿತ್ರಗಳ ಕುರಿತು ಓದುಗರ ಪ್ರಶ್ನೆಗಳು

ಪ್ರಶ್ನೆ: ಗೆಳೆಯರೊಬ್ಬರ ಒತ್ತಾಯಕ್ಕೆ ‘ಸ್ಪ್ರಿಂಗ್, ಸಮ್ಮರ್, ಫಾಲ್, ವಿಂಟರ್... ಆ್ಯಂಡ್ ಸ್ಪ್ರಿಂಗ್’ ನೋಡಿ ಬಹಳ ಮೆಚ್ಚಿದೆ. ಅದೇ ನಿರ್ದೇಶಕರದೆಂಬ ಕಾರಣಕ್ಕೆ ಮನೆಮಂದಿಯನ್ನೂ ಕೂರಿಸಿಕೊಂಡು ‘ದಿ ಐಲ್’ ಹಾಕಿದೆ; ಅರ್ಧಕ್ಕೇ ನಿಲ್ಲಿಸಬೇಕಾಯಿತು. ಇವೆರಡನ್ನೂ ಒಬ್ಬರೇ ಮಾಡಿದ್ದಾರೆಂದು ನಂಬುವುದು ಹೇಗೆ? ಇನ್ನು ಮುಂದೆ ಯಾವುದನ್ನು ನೋಡಬಹುದು?
– ದಾವಣಗೆರೆಯ ಓದುಗರು

ಉತ್ತರ: ನಂಬಲೇಬೇಕು, ಎರಡೂ ದಕ್ಷಿಣ ಕೊರಿಯಾದ ಕಿಮ್ ಕಿ-ದುಕ್ ಅವರವೇ; ಅಷ್ಟೇ ಅಲ್ಲ, ನನ್ನ ಮಟ್ಟಿಗೆ ಅವೆರಡೂ ಒಂದೇ ಕಥೆಯ ಎರಡು ಪಾಠಗಳು. 2000ದಲ್ಲಿ ಬಂದ ‘ದಿ ಐಲ್’ ಆನ್‌ಸಾಂಗ್ ಸಮೀಪದ ಗೊಸಾಮ್ ಜಲಾಶಯದಲ್ಲಿಯೂ 2003ರ ‘ಸ್ಪ್ರಿಂಗ್’ ಚಿತ್ರವು ಚಾಂಗ್‌ಸಾಂಗ್ ಜಿಲ್ಲೆಯ ಜುಸಾಂಜಿ ಕೆರೆಯಲ್ಲಿಯೂ ಚಿತ್ರೀಕರಣಗೊಂಡವು. ಎರಡರಲ್ಲೂ ನೀರಿನ ಮೇಲೆ ತೇಲುವ ಮನೆ, ಮನೆಗೂ ದಡಕ್ಕೂ ನಡುವೆ ದೋಣಿಯೊಂದೇ ದಾರಿ, ಬೆರಳೆಣಿಕೆಯಷ್ಟು ಮಾತು, ಹೊರಲೋಕದಲ್ಲಿ ಕೊಲೆ ಮಾಡಿ ಅಲ್ಲಿಗೆ ಓಡಿಬರುವ ಒಬ್ಬ ಗಂಡಸು. ಎರಡರಲ್ಲೂ ಮೀನು ಹಿಂಸೆ ಅನುಭವಿಸುತ್ತದೆ. ‘ದಿ ಐಲ್’ನಲ್ಲಿ ಮೀನಿನ ಪಕ್ಕೆಗಳ ಮಾಂಸವನ್ನು ಕೊಯ್ದು ತಿಂದು, ಉಳಿದ ಜೀವವನ್ನು ನೀರಿಗೆ ಬಿಟ್ಟಾಗ ಅದು ಹಾಗೆಯೇ ಈಜಿಕೊಂಡು ಹೋಗುತ್ತದೆ, ‘ಸ್ಪ್ರಿಂಗ್’ ಚಿತ್ರದಲ್ಲಿ ಪುಟ್ಟ ಹುಡುಗ ಮೀನಿಗೂ ಕಪ್ಪೆಗೂ ಹಾವಿಗೂ ದಾರದಲ್ಲಿ ಕಲ್ಲು ಕಟ್ಟಿ ನಗುತ್ತಾನೆ. ನೀವು ಮೆಚ್ಚಿದ ಚಿತ್ರದ ಬೇರು ನೀವು ನಿಲ್ಲಿಸಿದ ಚಿತ್ರದಲ್ಲಿಯೇ ಇದೆ. ವ್ಯತ್ಯಾಸವಿರುವುದು ಮುಂದಿನ ನಡೆಯಲ್ಲಿ: ವೃದ್ಧ ಭಿಕ್ಷು ರಾತ್ರಿ ಮಲಗಿದ್ದ ಹುಡುಗನ ಬೆನ್ನಿಗೆ ಅಂಥದೇ ಕಲ್ಲೊಂದನ್ನು ಕಟ್ಟಿ, ಬೆಳಿಗ್ಗೆ, ಹೋಗಿ ಆ ಮೂರನ್ನೂ ಬಿಡಿಸಿ ಬಾ ಎನ್ನುತ್ತಾನೆ. ನೋವು ಕೊಟ್ಟವನ ಮೈಮೇಲೆಯೇ ನೋವನ್ನು ಹಿಂದಿರುಗಿಸುವ ಆ ಒಂದು ಹೆಜ್ಜೆ ‘ದಿ ಐಲ್’ನಲ್ಲಿ ಇಲ್ಲ. ಅಲ್ಲಿ ಗಂಡಸು ಗಾಳಗಳನ್ನು ನುಂಗುತ್ತಾನೆ, ಹೆಂಗಸು ತನ್ನ ದೇಹವನ್ನು ಅದೇ ಗಾಳಗಳಿಗೆ ಒಡ್ಡುತ್ತಾಳೆ, ಒಬ್ಬರ ಗಾಳವನ್ನು ಇನ್ನೊಬ್ಬರು ಕಿತ್ತು ತೆಗೆದರೂ ನೋವಿನಿಂದ ಯಾರಿಗೂ ಬಿಡುಗಡೆಯಿಲ್ಲ.

ಈ ನಿರ್ದೇಶಕರ ಬದುಕನ್ನು ಸ್ವಲ್ಪ ತಿಳಿದರೆ ಈ ಒರಟುತನದ ಮೂಲ ಕಾಣಬಹುದು. 1960ರಲ್ಲಿ ಉತ್ತರ ಗ್ಯಾಂಗ್‌ಸಾಂಗ್ ಪ್ರಾಂತದ ಬೊಂಗ್‌ಹ್ವಾದಲ್ಲಿ ಹುಟ್ಟಿದ ಕಿಮ್, ಹದಿಹರೆಯದಲ್ಲೇ ಕಾರ್ಖಾನೆಗಳಲ್ಲಿ ದುಡಿದು, ಅನಂತರ ಐದು ವರ್ಷ ನೌಕಾ ಪದಾತಿ ದಳದಲ್ಲಿದ್ದು, 1990ರಲ್ಲಿ ಪ್ಯಾರಿಸ್ಸಿಗೆ ಹೋಗಿ ತಾವು ಬಿಡಿಸಿದ ವರ್ಣಚಿತ್ರಗಳನ್ನು ಬೀದಿಬದಿಯಲ್ಲಿ ಮಾರಿ ಹೊಟ್ಟೆ ಹೊರೆದವರು. ಸಿನಿಮಾ ಶಾಲೆಯ ಮೆಟ್ಟಿಲು ಹತ್ತಲಿಲ್ಲ, ಯಾರ ಕೈಕೆಳಗೂ ಸಹಾಯಕರಾಗಿ ಪಳಗಲಿಲ್ಲ. 1996ರಲ್ಲಿ ‘ಕ್ರೊಕೊಡೈಲ್’ ಚಿತ್ರದೊಂದಿಗೆ ನೇರವಾಗಿ ನಿರ್ದೇಶಕರೇ ಆದರು. ಹೀಗಾಗಿ ಅವರ ಚೌಕಟ್ಟುಗಳಲ್ಲಿ ಚಿತ್ರಕಾರನ ಕಣ್ಣೂ, ಪಾತ್ರಗಳ ನಡವಳಿಕೆಯಲ್ಲಿ ಕಾರ್ಖಾನೆ ಮತ್ತು ಬ್ಯಾರಕ್ಕಿನ ಒರಟು ಕೈಯೂ ಒಟ್ಟಿಗೇ ಇರುತ್ತವೆ.

ಮುಂದೆ ಏನು ನೋಡಬೇಕೆಂದರೆ, ಮೊದಲು ‘3-ಐರನ್’ ನೋಡಿ. ಅದನ್ನು ಮನೆಯ ಹಿರಿಯರೊಂದಿಗೂ ನೋಡಬಹುದು. ಆಮೇಲೆ ‘ಪಿಯೆಟಾ’. ಸಾಲ ವಸೂಲಿಗೆಂದು ಸಣ್ಣ ವರ್ಕ್‌ಶಾಪುಗಳವರ ಕೈಕಾಲು ಮುರಿದು, ಅವರ ವಿಮೆಯ ಹಣವನ್ನು ಕಿತ್ತುಕೊಳ್ಳುವ ಒಬ್ಬ ಯುವಕನ ಕಥೆ ಅದು. ನಡೆಯುವುದು ಸೋಲ್ ನಗರದ ಚಾಂಗ್ಯೆಚಾನ್ ಬಳಿಯ, ಲೇತ್ ಯಂತ್ರಗಳ ಸದ್ದಿನ ಓಣಿಗಳಲ್ಲಿ. ಕಿಮ್ ಹುಡುಗನಾಗಿ ದುಡಿದದ್ದೂ ಅಲ್ಲಿಯೇ. 2012ರಲ್ಲಿ ವೆನಿಸ್‌ನ ಗೋಲ್ಡನ್ ಲಯನ್ ಗೆದ್ದ ಈ ಚಿತ್ರದೊಂದಿಗೆ, ಕಾನ್, ಬರ್ಲಿನ್, ವೆನಿಸ್ ಈ ಮೂರು ಉತ್ಸವಗಳಲ್ಲಿ ಒಂದರ ಅತ್ಯುನ್ನತ ಪ್ರಶಸ್ತಿ ಮೊದಲ ಬಾರಿಗೆ ಕೊರಿಯಾದ ಚಿತ್ರವೊಂದಕ್ಕೆ ಸಂದಿತು. ‘ಸಮಾರಿಟನ್ ಗರ್ಲ್’, ‘ಟೈಮ್’ ಅನಂತರಕ್ಕೆ ಇರಲಿ. ‘ಮೋಬಿಯಸ್’ ಮತ್ತು ‘ಬ್ಯಾಡ್ ಗೈ’ ಚಿತ್ರಗಳನ್ನು ಮನೆಮಂದಿಯೊಂದಿಗೆ ಹಾಕಬೇಡಿ ಎಂದು ನಾನು ಹೇಳಬೇಕಾಗಿಯೇ ಇಲ್ಲ.

ಪ್ರಶ್ನೆ: ‘3-ಐರನ್’ ನಾಯಕ ಕೊನೆಯವರೆಗೂ ಒಂದು ಮಾತನ್ನೂ ಆಡುವುದಿಲ್ಲ. ಇದು ಉತ್ಸವಗಳ ತೀರ್ಪುಗಾರರನ್ನು ಮೆಚ್ಚಿಸುವ ತಂತ್ರವಲ್ಲವೇ? ಕೊನೆಯಲ್ಲಿ ತೂಕದ ಯಂತ್ರ ಸೊನ್ನೆ ತೋರಿಸುವುದರ ಅರ್ಥವೇನು?
– ಮೈಸೂರಿನ ವಿದ್ಯಾರ್ಥಿ

ಉತ್ತರ: ನಿಮ್ಮ ಅನುಮಾನದಲ್ಲಿ ಹುರುಳಿಲ್ಲದೆ ಇಲ್ಲ. ಉಪಶೀರ್ಷಿಕೆಯ ಅಗತ್ಯವೇ ಇಲ್ಲದ ಚಿತ್ರ ಗಡಿ ದಾಟುವುದು ಸುಲಭ, ಮತ್ತು ಕಿಮ್ ಅವರ ಚಿತ್ರಗಳಿಗೆ ಸ್ವದೇಶಕ್ಕಿಂತ ಯುರೋಪಿನಲ್ಲಿಯೇ ಹೆಚ್ಚು ಮನ್ನಣೆ ದೊರೆತದ್ದು ನಿಜ. 2004ರ ಒಂದೇ ವರ್ಷದಲ್ಲಿ ‘ಸಮಾರಿಟನ್ ಗರ್ಲ್’ಗೆ ಬರ್ಲಿನ್‌ನಲ್ಲಿಯೂ ‘3-ಐರನ್’ಗೆ ವೆನಿಸ್‌ನಲ್ಲಿಯೂ ಶ್ರೇಷ್ಠ ನಿರ್ದೇಶಕ ಪ್ರಶಸ್ತಿ ಬಂದವು. ಆದರೆ ತಂತ್ರವೆಂದು ಕರೆದು ಕೈತೊಳೆದುಕೊಳ್ಳುವ ಮೊದಲು, ಈ ಚಿತ್ರದಲ್ಲಿ ಮಾತಿನ ಜಾಗದಲ್ಲಿ ಏನನ್ನು ಇಟ್ಟಿದ್ದಾರೆಂದು ಗಮನಿಸಿ.

ಕೊರಿಯನ್ ಭಾಷೆಯಲ್ಲಿ ಈ ಚಿತ್ರದ ಹೆಸರು ‘ಬಿನ್‌ಜಿಪ್’, ಎಂದರೆ ಖಾಲಿ ಮನೆ. ತೇ-ಸುಕ್ ಎಂಬ ಯುವಕ ಹೋಟೆಲುಗಳ ಕರಪತ್ರಗಳನ್ನು ಮನೆಮನೆಯ ಬಾಗಿಲಲ್ಲಿ, ಬೀಗದ ಕಿಂಡಿ ಮುಚ್ಚುವಂತೆ ಅಂಟಿಸಿ ಹೋಗುತ್ತಾನೆ. ಮತ್ತೆ ಬಂದಾಗ ಯಾವ ಬಾಗಿಲಿನ ಕಾಗದ ಹಾಗೆಯೇ ಇದೆಯೋ ಆ ಮನೆಯವರು ಊರಲ್ಲಿಲ್ಲ ಎಂದು ತಿಳಿದು, ಬೀಗ ತೆಗೆದು ಒಳಹೋಗುತ್ತಾನೆ. ಆದರೆ ಕದಿಯುವುದಿಲ್ಲ. ಅಡುಗೆ ಮಾಡಿ ಉಣ್ಣುತ್ತಾನೆ, ಮನೆಯವರ ಕೊಳೆಬಟ್ಟೆಯನ್ನು ಸ್ನಾನದ ಮನೆಯಲ್ಲಿ ಕುಳಿತು ಕೈಯಿಂದಲೇ ಒಗೆದು ಹರವುತ್ತಾನೆ, ಕೆಟ್ಟು ನಿಂತ ಸಾಮಾನನ್ನು ಬಿಚ್ಚಿ ರಿಪೇರಿ ಮಾಡುತ್ತಾನೆ, ಗೋಡೆಯ ಮೇಲಿನ ಕುಟುಂಬದ ಫೋಟೋ ಪಕ್ಕದಲ್ಲಿ ನಿಂತು ತನ್ನದೊಂದು ಫೋಟೋ ತೆಗೆದುಕೊಳ್ಳುತ್ತಾನೆ. ಬಾಡಿಗೆಯನ್ನು ಆತ ಕೆಲಸದಲ್ಲಿ ಸಲ್ಲಿಸುತ್ತಾನೆ. ಹೀಗೆ ಹೊಕ್ಕ ಒಂದು ದೊಡ್ಡ ಮನೆಯಲ್ಲಿ, ಗಂಡನ ಏಟಿನಿಂದ ಮುಖ ಕಂದಿದ ಸುನ್-ಹ್ವಾ ಎಂಬ ಹೆಂಗಸು ಮೂಲೆಯಿಂದ ಆತನನ್ನೇ ನೋಡುತ್ತಿರುತ್ತಾಳೆ. ಆಕೆಯ ಗಂಡ ಮಾತ್ರ ಬಹಳ ಮಾತಾಡುವವನು. ಕ್ಷಮೆಯನ್ನೂ ಬೆದರಿಕೆಯನ್ನೂ ಪ್ರೀತಿಯನ್ನೂ ಒಂದೇ ಉಸಿರಿನಲ್ಲಿ ಆಡಬಲ್ಲವನು. ಚಿತ್ರ ಇಲ್ಲಿ ಸದ್ದಿಲ್ಲದೆ ಒಂದು ತಕ್ಕಡಿ ಹಿಡಿದಿದೆ: ಮಾತು ಬಲ್ಲವನ ಕೈ ಹೊಡೆಯುತ್ತದೆ, ಮಾತಾಡದವನ ಕೈ ಬಟ್ಟೆ ಒಗೆಯುತ್ತದೆ. (ಹಾಗೆಂದು ತೇ-ಸುಕ್ ಸಂತನಲ್ಲ. ಆತ ತಂತಿಗೆ ಕಟ್ಟಿ ಹೊಡೆಯುತ್ತಿದ್ದ ಗಾಲ್ಫ್ ಚೆಂಡು ಕಿತ್ತುಹೋಗಿ, ದಾರಿಯಲ್ಲಿ ಕಾರಿನಲ್ಲಿ ಹೋಗುತ್ತಿದ್ದ ಹೆಂಗಸೊಬ್ಬಳಿಗೆ ಬಡಿಯುವ ದೃಶ್ಯವನ್ನು ಬಹಳ ಜನ ಮರೆತೇಬಿಡುತ್ತಾರೆ.)

ಸುನ್-ಹ್ವಾ ತೇ-ಸುಕ್ ಜೊತೆ ಹೊರಟುಹೋಗುತ್ತಾಳೆ; ಆತ ಪೊಲೀಸರ ಕೈಗೆ ಸಿಕ್ಕಿ ಜೈಲು ಸೇರಿದಾಗ ಗಂಡನ ಮನೆಗೆ ಮರಳುತ್ತಾಳೆ. ಆ ಜೈಲಿನ ಭಾಗವನ್ನು ಇನ್ನೊಮ್ಮೆ ನಿಧಾನವಾಗಿ ನೋಡಿ. ಬಿಳಿ ಗೋಡೆಯ ಕೋಣೆಯಲ್ಲಿ ತೇ-ಸುಕ್ ಕಾವಲುಗಾರನ ಬೆನ್ನ ಹಿಂದೆ ನಿಲ್ಲುವುದನ್ನು ಅಭ್ಯಾಸ ಮಾಡುತ್ತಾನೆ. ಕಾವಲುಗಾರ ತಿರುಗಿದಂತೆ ಈತನೂ ತಿರುಗುತ್ತಾನೆ, ಮೊದಲು ನೆರಳು ಬಿಟ್ಟುಕೊಡುತ್ತದೆ, ಏಟು ಬೀಳುತ್ತದೆ, ಮತ್ತೆ ಪ್ರಯತ್ನ. ಮನುಷ್ಯನ ಕಣ್ಣಿಗೆ ಕಾಣುವುದು 180 ಡಿಗ್ರಿ ಮಾತ್ರ, ಉಳಿದರ್ಧದಲ್ಲಿ ಆತ ಬದುಕಲು ಕಲಿಯುತ್ತಿದ್ದಾನೆ. ಆದ್ದರಿಂದಲೇ ಕೊನೆಯ ಅಪ್ಪುಗೆಯ ದೃಶ್ಯಕ್ಕೆ ಅಷ್ಟು ಕಸುವು: ಗಂಡನನ್ನು ತಬ್ಬಿ ‘ಸರಾಂಗ್‌ಹೆಯೊ’, ನಿನ್ನನ್ನು ಪ್ರೀತಿಸುತ್ತೇನೆ, ಎನ್ನುವ ಸುನ್-ಹ್ವಾಳ ಕಣ್ಣು ಗಂಡನ ಬೆನ್ನ ಹಿಂದೆ ನಿಂತವನ ಮೇಲಿದೆ, ಗಂಡನೋ ಅದನ್ನು ತನಗೇ ಹೇಳಿದ್ದೆಂದು ಹಿಗ್ಗುತ್ತಾನೆ. ಇಡೀ ಚಿತ್ರದಲ್ಲಿ ಆಕೆ ಬಾಯಿಬಿಟ್ಟು ಆಡುವುದು ಇಂಥ ಒಂದೆರಡು ಮಾತು ಮಾತ್ರ. ಅವೂ ತಪ್ಪು ಕಿವಿಗೆ ಬೀಳುತ್ತವೆ.

ಅದೇ ಮನೆಯ ತೂಕದ ಯಂತ್ರದ ಮೇಲೆ ಇಬ್ಬರೂ ಒಟ್ಟಿಗೆ ನಿಂತಾಗ ಮುಳ್ಳು ಸೊನ್ನೆಯಲ್ಲಿ ನಿಲ್ಲುತ್ತದೆ. ತೇ-ಸುಕ್ ಸತ್ತು ದೆವ್ವವಾಗಿದ್ದಾನೆಯೇ, ಅಥವಾ ಸುನ್-ಹ್ವಾ ಕನಸು ಕಾಣುತ್ತಿದ್ದಾಳೆಯೇ ಎಂಬ ಚರ್ಚೆ ನನಗೆ ಅಷ್ಟೇನೂ ಮುಖ್ಯವೆನಿಸುವುದಿಲ್ಲ. ನಾವು ಬದುಕುವ ಲೋಕ ನಿಜವೋ ಕನಸೋ ಹೇಳುವುದು ಕಷ್ಟ ಎಂಬ ಸಾಲನ್ನು ಕಿಮ್ ತಾವೇ ತೆರೆಯ ಮೇಲೆ ಬರೆದು ಎರಡು ಬಾಗಿಲನ್ನೂ ತೆರೆದಿಟ್ಟಿದ್ದಾರೆ, ಆ ಸಾಲು ಇಲ್ಲದಿದ್ದರೂ ನಡೆಯುತ್ತಿತ್ತು. ನಾನು ಸೊನ್ನೆಯನ್ನು ಓದುವುದು ಹೀಗೆ: ಇವರಿಬ್ಬರ ಕೂಡುವಿಕೆ ಯಾರ ಮೈಮೇಲೂ ಭಾರ ಹೇರಿಲ್ಲ. ಅವರ ಚಿತ್ರಗಳಲ್ಲೆಲ್ಲ ಮಾತು ನಿಂತ ಕೂಡಲೇ ದೇಹ ಮಾತಾಡತೊಡಗುತ್ತದೆ, ದೇಹ ಮಾತಾಡುವುದೆಂದರೆ ಬಹುಪಾಲು ಯಾರಾದರೂ ನೋಯುವುದು. ಯಾರೂ ನೋಯದೆ ಮುಗಿಯುವ ಮೌನ ಅವರಲ್ಲಿ ತೀರ ಅಪರೂಪ.

ಪ್ರಶ್ನೆ: ಕೇರಳದ ಗೆಳೆಯರು ಈ ನಿರ್ದೇಶಕರನ್ನು ತಮ್ಮ ಊರಿನವರಂತೆ ಮಾತಾಡಿಸುತ್ತಾರೆ. ಕಾರಣವೇನು?
– ಮಂಗಳೂರಿನ ಓದುಗರು

ಉತ್ತರ: ಅಲ್ಲಿನ ಫಿಲಂ ಸೊಸೈಟಿಗಳ ಹಳೆಯ ಚಳವಳಿ ಮತ್ತು ತಿರುವನಂತಪುರದ ಅಂತರರಾಷ್ಟ್ರೀಯ ಚಿತ್ರೋತ್ಸವ ಕಾರಣ. 2013ರಲ್ಲಿ ಕಿಮ್ ಆ ಉತ್ಸವಕ್ಕೆ ಸ್ವತಃ ಬಂದಾಗ ತಾರೆಯರಿಗೆ ಮುತ್ತಿಕೊಳ್ಳುವಂತೆ ಜನ ಮುತ್ತಿಕೊಂಡರು. ಸಂಭಾಷಣೆಯೇ ಇಲ್ಲದ ಚಿತ್ರಕ್ಕೆ ಭಾಷೆಯ ಬೇಲಿ ಇಲ್ಲವಲ್ಲ, ಅದೂ ಒಂದು ಕಾರಣವಿರಬಹುದು.

ಪ್ರಶ್ನೆ: ಈ ನಿರ್ದೇಶಕರ ಮೇಲೆ ನಟಿಯರು ಮಾಡಿದ ಆರೋಪಗಳನ್ನು ಓದಿದ ಮೇಲೆ ಅವರ ಚಿತ್ರಗಳನ್ನು ನೋಡಲು ಮನಸ್ಸು ಒಪ್ಪುತ್ತಿಲ್ಲ. ಕಲೆಯನ್ನೂ ಕಲಾವಿದನನ್ನೂ ಬೇರೆಯಾಗಿ ನೋಡಿ ಎಂದು ಹಲವರು ಹೇಳುತ್ತಾರೆ. ನಿಮ್ಮ ಅಭಿಪ್ರಾಯ?
– ಹುಬ್ಬಳ್ಳಿಯ ಉಪನ್ಯಾಸಕಿ

ಉತ್ತರ: ಮೇಡಂ, ಮೊದಲು ಸಂಗತಿಗಳು. ‘ಮೋಬಿಯಸ್’ ಚಿತ್ರೀಕರಣದಲ್ಲಿ ಕಿಮ್ ತಮಗೆ ಹೊಡೆದರು, ಒಪ್ಪಿಲ್ಲದ ದೃಶ್ಯಗಳಿಗೆ ಒತ್ತಾಯಿಸಿದರು ಎಂದು, ಆ ಚಿತ್ರದಿಂದ ಹೊರಬಂದ ನಟಿಯೊಬ್ಬರು 2017ರಲ್ಲಿ ದೂರು ಕೊಟ್ಟರು. ಹಲ್ಲೆಗಾಗಿ ಕಿಮ್ ಅವರಿಗೆ 50 ಲಕ್ಷ ವಾನ್ ದಂಡವಾಯಿತು. ಉಳಿದ ಆರೋಪಗಳು ಸಾಕ್ಷ್ಯದ ಕೊರತೆಯಿಂದ ಮುಂದುವರಿಯಲಿಲ್ಲ. 2018ರ ಮಾರ್ಚ್‌ನಲ್ಲಿ ಎಂಬಿಸಿ ವಾಹಿನಿಯ ‘ಪಿಡಿ ನೋಟ್‌ಬುಕ್’ ಕಾರ್ಯಕ್ರಮದಲ್ಲಿ ನಟಿಯರು ಲೈಂಗಿಕ ದೌರ್ಜನ್ಯದ ಗಂಭೀರ ಆರೋಪಗಳನ್ನು ಮಾಡಿದರು. ಕಿಮ್ ಅವನ್ನು ನಿರಾಕರಿಸಿ ಮೊಕದ್ದಮೆ ಹೂಡಿದರು, ಆದರೆ ನ್ಯಾಯಾಲಯ ಅವರ ವಾದವನ್ನು ಒಪ್ಪಲಿಲ್ಲ. 2020ರ ಡಿಸೆಂಬರ್ 11ರಂದು ಅವರು ಲಾಟ್ವಿಯಾದಲ್ಲಿ ಕೋವಿಡ್‌ನಿಂದ ತೀರಿಕೊಂಡರು.

ಬೇರೆಯಾಗಿ ನೋಡಿ ಎನ್ನುವ ಸಲಹೆ ಬೇರೆ ಕೆಲವರ ವಿಷಯದಲ್ಲಿ ನಡೆಯಬಹುದೇನೋ, ಕಿಮ್ ಅವರ ವಿಷಯದಲ್ಲಿ ನಡೆಯುವುದಿಲ್ಲ ಎಂದು ನನಗನ್ನಿಸುತ್ತದೆ. ಏಕೆಂದರೆ ಅವರ ಚಿತ್ರಗಳು ಕೇಳುವ ಪ್ರಶ್ನೆಯೂ ಈ ಆರೋಪಗಳು ಕೇಳುವ ಪ್ರಶ್ನೆಯೂ ಒಂದೇ. ನೋವನ್ನು ಯಾರ ದೇಹ ಹೊರಬೇಕು? ‘ಬ್ಯಾಡ್ ಗೈ’ಯಲ್ಲಿ ತನ್ನನ್ನು ಬೀದಿಯಲ್ಲಿ ಅವಮಾನಿಸಿದ ಕಾಲೇಜು ಹುಡುಗಿಯನ್ನು ರೌಡಿಯೊಬ್ಬ ವೇಶ್ಯಾವಾಟಿಕೆಗೆ ಬೀಳಿಸಿ, ಕನ್ನಡಿಯ ಹಿಂದೆ ನಿಂತು ನೋಡುತ್ತಾನೆ, ಕಥೆ ಕೊನೆಗೆ ಅದನ್ನು ಒಂದು ಬಗೆಯ ಪ್ರೇಮವನ್ನಾಗಿ ಮಾಡುತ್ತದೆ. ಆ ಗಂಡಸಿನ ಮೂಕತನಕ್ಕೆ ಬೆಲೆ ತೆರುವುದು ಹೆಣ್ಣಿನ ದೇಹ, ಮತ್ತು ನಿರ್ದೇಶಕರು ಆ ಲೆಕ್ಕವನ್ನು ಎಲ್ಲಿಯೂ ಪ್ರಶ್ನಿಸುವುದಿಲ್ಲ. ಕೊರಿಯಾದ ಸ್ತ್ರೀವಾದಿ ವಿಮರ್ಶಕರು ಇದನ್ನು ಆರೋಪಗಳು ಬರುವುದಕ್ಕೆ ಬಹಳ ಮೊದಲೇ, ಚಿತ್ರ ಬಂದ ಕಾಲದಲ್ಲಿಯೇ ಹೇಳಿದ್ದರು. ಉತ್ಸವಗಳ ಚಪ್ಪಾಳೆಯಲ್ಲಿ ನಮಗೆ ಕೇಳಿಸಲಿಲ್ಲ. ನನ್ನನ್ನೂ ಸೇರಿಸಿಯೇ ಹೇಳುತ್ತಿದ್ದೇನೆ.

ಇನ್ನು ಪ್ರಾಣಿಗಳು. ‘ದಿ ಐಲ್’ನಲ್ಲಿನ ಪ್ರಾಣಿಹಿಂಸೆಯ ದೃಶ್ಯಗಳಿಗೆ ಬ್ರಿಟನ್ನಿನ ಸೆನ್ಸಾರ್ ಮಂಡಳಿ ಕತ್ತರಿ ಹಾಕಿತು. ‘ಸ್ಪ್ರಿಂಗ್’ ಚಿತ್ರದಲ್ಲಿ ಕಲ್ಲೆಳೆಯುತ್ತ ಒದ್ದಾಡುವ ಕಪ್ಪೆಯೂ ನಟನೇನಲ್ಲ. ಪ್ರಾಣಿಗೆ ನೋವು ಕೊಟ್ಟ ಹುಡುಗ ಜೀವನವಿಡೀ ಎದೆಯಲ್ಲಿ ಕಲ್ಲು ಹೊರಬೇಕಾಗುತ್ತದೆ ಎಂದು ಕಲಿಸುವ ಚಿತ್ರವೇ ಕಪ್ಪೆಗೆ ಕಲ್ಲು ಕಟ್ಟಿ ತೆಗೆದದ್ದು. ಈ ವೈರುಧ್ಯವನ್ನು ಕಿಮ್ ತಾವೂ ಅರೆಬರೆಯಾಗಿ ಕಂಡಿದ್ದರೆಂದು ಕಾಣುತ್ತದೆ. ಏಕೆಂದರೆ ಆ ಚಿತ್ರದ ಚಳಿಗಾಲದ ಭಾಗದಲ್ಲಿ ನಡುವಯಸ್ಸಿನ ಭಿಕ್ಷುವಿನ ಪಾತ್ರವನ್ನು ಬೇರೆ ನಟನಿಗೆ ಕೊಡದೆ ತಾವೇ ಮಾಡಿದರು. ಸೊಂಟಕ್ಕೆ ಬೀಸುವ ಕಲ್ಲು ಕಟ್ಟಿಕೊಂಡು, ಕೈಯಲ್ಲಿ ವಿಗ್ರಹ ಹಿಡಿದು, ಹಿಮದ ಬೆಟ್ಟವನ್ನು ಜಾರುತ್ತ, ಬೀಳುತ್ತ, ಏಳುತ್ತ ಹತ್ತುವ ಆ ದೇಹ ನಿರ್ದೇಶಕರದೇ. ಹಿನ್ನೆಲೆಯಲ್ಲಿ ಆರಿರಾಂಗ್ ಎಂಬ ಕೊರಿಯಾದ ಹಳೆಯ ಜನಪದ ಹಾಡು. ನಡುವೆ ಮೀನು, ಕಪ್ಪೆ, ಹಾವು ಕಲ್ಲಿನೊಂದಿಗೆ ಸೆಣಸುವ ಚಿತ್ರಗಳು ಮತ್ತೆ ಬಂದು ಹೋಗುತ್ತವೆ.

2008ರ ‘ಡ್ರೀಮ್’ ಚಿತ್ರೀಕರಣದಲ್ಲಿ ನೇಣಿನ ದೃಶ್ಯವೊಂದರಲ್ಲಿ ನಟಿಯ ಜೀವಕ್ಕೇ ಅಪಾಯವಾದಾಗ, ಕಿಮ್ ಚಿತ್ರರಂಗದಿಂದ ದೂರ ಸರಿದು ಗುಡ್ಡದ ಮನೆಯೊಂದರಲ್ಲಿ, ಮನೆಯೊಳಗೇ ಗುಡಾರ ಹಾಕಿಕೊಂಡು ಬದುಕಿದರು. ಆ ಏಕಾಂತವನ್ನು ತಾವೇ ಚಿತ್ರೀಕರಿಸಿ ಮಾಡಿದ ‘ಆರಿರಾಂಗ್’ಗೆ 2011ರಲ್ಲಿ ಕಾನ್ ಉತ್ಸವದ ‘ಅನ್ ಸರ್ಟೆನ್ ರಿಗಾರ್ಡ್’ ವಿಭಾಗದ ಪ್ರಶಸ್ತಿ ಹಂಚಿಕೆಯಾಗಿ ಬಂತು. ಅದರಲ್ಲಿ ಅವರು ಅಳುತ್ತಾರೆ, ಕುಡಿಯುತ್ತಾರೆ, ತಮ್ಮನ್ನು ತಾವೇ ಪ್ರಶ್ನಿಸಿಕೊಳ್ಳುತ್ತಾರೆ, ಕಾಫಿ ಯಂತ್ರವನ್ನು ಕೈಯಾರೆ ಜೋಡಿಸುತ್ತಾರೆ. ಅದನ್ನು ಮೊದಲು ನೋಡಿದಾಗ ಪ್ರಾಯಶ್ಚಿತ್ತವೆಂದುಕೊಂಡಿದ್ದೆ. ಎರಡು ವರ್ಷ ಕಳೆಯುವಷ್ಟರಲ್ಲಿ ‘ಮೋಬಿಯಸ್’ ಚಿತ್ರೀಕರಣದ ಆ ಘಟನೆ ನಡೆದಿತ್ತು ಎಂಬುದನ್ನು ತಿಳಿದ ಮೇಲೆ, ಆ ಕಣ್ಣೀರು ಬಹುತೇಕ ತಮ್ಮ ಸ್ಥಿತಿಯ ಬಗ್ಗೆಯೇ ಇತ್ತು, ನಟಿಗೆ ಅದರಲ್ಲಿ ಸಿಕ್ಕ ಪಾಲು ಕಡಿಮೆ ಎಂದು ಕಾಣತೊಡಗಿತು.

ನಿಮ್ಮ ಮನಸ್ಸು ಒಪ್ಪದಿದ್ದರೆ ನೋಡಬೇಡಿ. ಅದರಿಂದ ನಿಮ್ಮ ಸಿನಿಮಾ ಜ್ಞಾನಕ್ಕೇನೂ ಊನವಾಗುವುದಿಲ್ಲ. ತರಗತಿಯಲ್ಲಿ ತೋರಿಸಬೇಕೇ ಎಂಬುದು ನಿಮ್ಮ ಪ್ರಶ್ನೆಯ ಹಿಂದಿನ ಪ್ರಶ್ನೆಯಾಗಿದ್ದರೆ, ರಸಗ್ರಹಣ ಶಿಬಿರಗಳಲ್ಲಿ ನಾನು ಈಗ ಮಾಡುವುದನ್ನು ಹೇಳಬಲ್ಲೆ. ‘ಸ್ಪ್ರಿಂಗ್’ ಚಿತ್ರವನ್ನು ಪೂರ್ತಿ ತೋರಿಸುತ್ತೇನೆ, ಮೇಲಿನ ಸಂಗತಿಗಳನ್ನು ಚಿತ್ರ ಮುಗಿದ ಮೇಲಲ್ಲ, ಆರಂಭಕ್ಕೆ ಮೊದಲೇ ಹೇಳುತ್ತೇನೆ. ಕಳೆದ ಸಲ ಬೀಸುವ ಕಲ್ಲಿನ ದೃಶ್ಯ ಬಂದಾಗ ಮುಂದಿನ ಸಾಲಿನ ಹುಡುಗಿಯೊಬ್ಬಳು, ತೆರೆಯಿಂದ ಕಣ್ಣು ತೆಗೆಯದೆಯೇ, “ಕಲ್ಲು ಕಟ್ಟಿಕೊಂಡದ್ದು ಇವರೇ ಸರಿ, ಆದರೆ ಕ್ಯಾಮೆರಾ ನಿಲ್ಲಿಸಿ ಅಂತ ಹೇಳುವ ಹಕ್ಕೂ ಇವರಿಗೇ ಇತ್ತಲ್ಲ ಸರ್” ಎಂದಳು.