ಕನ್ನಡಕವನ್ನು ಮೊದಲು ನಲ್ಲಿಗೆ ಹಿಡಿಯಿರಿ, ಆಮೇಲೆ ಒರೆಸಿ

ಕನ್ನಡಕ ತಗೊಂಡು ಇನ್ನೂ ವರ್ಷ ಆಗಿಲ್ಲ, ದಿನಕ್ಕೆ ನಾಲ್ಕು ಸಲ ಅಂಗಿಯ ತುದಿಯಲ್ಲಿ ಒರೆಸುತ್ತೀರಿ, ಆದರೂ ಮಬ್ಬು ಹೋಗುವುದಿಲ್ಲ, ಈಗ ಕೋಟಿಂಗ್ ಬೇರೆ ಎದ್ದ ಹಾಗೆ ಕಾಣುತ್ತಿದೆ, ಯಾವ ಲಿಕ್ವಿಡ್ ಹಾಕಲಿ ಅಂತ ಕೇಳಿದ್ದೀರಿ. ಲಿಕ್ವಿಡ್ ವಿಷಯ ಆಮೇಲೆ ನೋಡೋಣ. ಮೊದಲು ಆ ಅಂಗಿಯ ತುದಿಯನ್ನು ಬಿಡಿ.

ನಾನು ಕನ್ನಡಕ ಹಾಕಲು ಶುರು ಮಾಡಿ 20 ವರ್ಷ ದಾಟಿತು. ಅದರಲ್ಲಿ ಅರ್ಧ ಕಾಲ ನಿಮ್ಮ ಹಾಗೇ ಒರೆಸಿ ಒರೆಸಿ ಕೆಡಿಸಿದವನು. ಆಮೇಲೆ ಗೊತ್ತಾಗಿದ್ದು ಇಷ್ಟು: ಗೀರು ಹಾಕುವುದು ಹೆಚ್ಚಾಗಿ ಬಟ್ಟೆಯಲ್ಲ, ಬಟ್ಟೆಯ ಕೆಳಗೆ ಸಿಕ್ಕಿಕೊಂಡ ದೂಳು. ದೂಳಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಮರಳಿನ ಚೂರು ಇರುತ್ತದೆ. ಮರಳಿನಲ್ಲಿ ಸಾಮಾನ್ಯವಾಗಿ ಸಿಗುವ ಕ್ವಾರ್ಟ್ಜ್ ಎಂಬ ಖನಿಜದ ಗಡಸುತನ, 1ರಿಂದ 10ರ ತನಕ ಅಳೆಯುವ ಮೋಸ್ ಮಾಪಕದಲ್ಲಿ, 7. ಇತ್ತ ನಾವು ಗಾಜು ಗಾಜು ಅನ್ನುತ್ತೇವಲ್ಲ, ಅದು ಈಗ ಬಹುತೇಕ ಪ್ಲಾಸ್ಟಿಕ್. ಸಿಆರ್-39 ಎಂಬ ಬಗೆ ಇರಲಿ, ಪಾಲಿಕಾರ್ಬೊನೇಟ್ ಎಂಬ ಬಗೆ ಇರಲಿ, ಮರಳಿನ ಮುಂದೆ ಮೆದು. ಒಣ ಲೆನ್ಸನ್ನು ಒಣ ಬಟ್ಟೆಯಿಂದ ತಿಕ್ಕಿದರೆ ಉಪ್ಪುಕಾಗದ ಹಾಕಿ ತಿಕ್ಕಿದ ಹಾಗೇ. ಬಾಯಿಯಿಂದ ಹಾ ಅಂತ ಊದಿ ಒರೆಸಿದರೂ ಅಷ್ಟೇ. ಆ ಆವಿ ದೂಳನ್ನು ತೊಳೆದುಕೊಂಡು ಹೋಗುವಷ್ಟು ನೀರಲ್ಲ.

ಇನ್ನು ಆ ಕೋಟಿಂಗ್ ಎಷ್ಟು ತೆಳು ಅಂತ ಗೊತ್ತಾದರೆ ಕೈ ತಾನೇ ಹಗುರಾಗುತ್ತದೆ. ಲೆನ್ಸಿನ ಮೇಲೆ ಮೊದಲು ಗೀರು ತಡೆಯುವ ಗಟ್ಟಿ ಪದರ, ಕೆಲವೇ ಮೈಕ್ರಾನ್ ದಪ್ಪ. ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರ ಪಾಲಿನಲ್ಲಿ ಒಂದು ಪಾಲು. ಅದರ ಮೇಲೆ ಬೆಳಕಿನ ಪ್ರತಿಫಲನ ತಗ್ಗಿಸುವ ಪದರಗಳು. ಓರೆಯಾಗಿ ಹಿಡಿದಾಗ ಹಸಿರೋ ನೇರಳೆಯೋ ಹೊಳೆಯುತ್ತದಲ್ಲ, ಅದೇ. ಸಿಲಿಕಾ ಮತ್ತು ಲೋಹದ ಆಕ್ಸೈಡುಗಳನ್ನು ಒಂದರ ಮೇಲೊಂದು ಕೂರಿಸಿರುತ್ತಾರೆ, ಎಲ್ಲ ಸೇರಿದರೂ ಸಾಮಾನ್ಯವಾಗಿ ಅರ್ಧ ಮೈಕ್ರಾನಿನ ಆಸುಪಾಸು. ಎಲ್ಲಕ್ಕಿಂತ ಮೇಲೆ ನೀರು, ಜಿಡ್ಡು ಅಂಟದ ಹಾಗೆ ಮಾಡುವ ಪದರ. ಅದು ಕೆಲವೇ ನ್ಯಾನೊಮೀಟರ್, ಒಂದು ನ್ಯಾನೊಮೀಟರ್ ಅಂದರೆ ಮೈಕ್ರಾನಿನ ಸಾವಿರ ಪಾಲಿನಲ್ಲಿ ಒಂದು. ಮೊದಲು ಸವೆಯುವುದೂ ಅದೇ. ಅದು ಹೋದ ಮೇಲೆ ಬೆರಳಚ್ಚು ಬೇಗ ಕೂರುತ್ತದೆ, ನಾವು ಇನ್ನೂ ಜಾಸ್ತಿ ತಿಕ್ಕುತ್ತೇವೆ.

ಈಗ ನಾನು ಮಾಡುವುದು ಹೇಳುತ್ತೇನೆ. ಬೆಳಿಗ್ಗೆ ಮುಖ ತೊಳೆಯುವಾಗಲೇ ಇದೂ ಮುಗಿಯುತ್ತದೆ. ಮೊದಲು ಕೈ ತೊಳೆದುಕೊಳ್ಳುತ್ತೇನೆ. ಆಮೇಲೆ ಕನ್ನಡಕವನ್ನು ನಲ್ಲಿಯ ಕೆಳಗೆ ಹಿಡಿದು ಎರಡೂ ಬದಿಗೆ ಚೆನ್ನಾಗಿ ನೀರು ಹರಿಸುತ್ತೇನೆ. ಈ ಹಂತದಲ್ಲಿ ಮುಟ್ಟುವುದಿಲ್ಲ, ದೂಳನ್ನು ನೀರೇ ಒಯ್ಯಲಿ. ನೀರು ತಣ್ಣಗೋ ಉಗುರು ಬೆಚ್ಚಗೋ ಇದ್ದರೆ ಸಾಕು. ನಂತರ ಬೆರಳ ತುದಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದೇ ಹನಿ. ಹೆಬ್ಬೆರಳು, ತೋರುಬೆರಳ ನಡುವೆ ಲೆನ್ಸ್ ಹಿಡಿದು ಮೆಲ್ಲಗೆ ಸವರಬೇಕು. ಜಿಡ್ಡು ಇರುವ ಕಡೆ ಬೆರಳಿಗೇ ಗೊತ್ತಾಗುತ್ತದೆ. ಫ್ರೇಮಿನ ಅಂಚು, ಮೂಗಿನ ಪ್ಯಾಡ್, ಕಿವಿಯ ಮೇಲೆ ಕೂರುವ ಕಡ್ಡಿ, ಇವನ್ನು ಮರೆಯಬೇಡಿ. ಒರೆಸಿದ ಮರುಕ್ಷಣ ಮಬ್ಬು ಮತ್ತೆ ಬರುವುದು ಎಷ್ಟೋ ಸಲ ಇಲ್ಲಿಂದಲೇ: ಬೆವರು, ಮುಖದ ಎಣ್ಣೆ ಎಲ್ಲ ಅಂಚಿನಲ್ಲಿ ಕೂತಿರುತ್ತದೆ, ಬಟ್ಟೆ ಅದನ್ನೇ ಎಳೆದು ಲೆನ್ಸಿನ ಮೇಲೆಲ್ಲ ಹರಡುತ್ತದೆ.

ಸೋಪು ಪೂರ್ತಿ ಹೋಗುವ ತನಕ ತೊಳೆದು, ಒಮ್ಮೆ ಹಗುರಾಗಿ ಕೊಡವಿ. ಕೋಟಿಂಗ್ ಚೆನ್ನಾಗಿದ್ದರೆ ನೀರು ಕೆಸುವಿನೆಲೆಯ ಮೇಲಿನ ಹಾಗೆ ಹನಿಹನಿಯಾಗಿ ಜಾರಿ ಹೋಗುತ್ತದೆ. ಉಳಿದ ಹನಿಗಳನ್ನು ಮೈಕ್ರೋಫೈಬರ್ ಬಟ್ಟೆಯಲ್ಲಿ (ಅತಿ ಸಣ್ಣ ಎಳೆಗಳ ಮೆತ್ತನೆ ಬಟ್ಟೆ) ಒತ್ತಿ ತೆಗೆಯಿರಿ. ಹಾಗೇ ಒಣಗಲು ಬಿಟ್ಟರೆ ಗಡಸು ನೀರಿನ ಬಿಳಿ ಕಲೆ ಕೂರುತ್ತದೆ. ಒರೆಸುವಾಗ ಯಾವ ಲೆನ್ಸೋ ಆ ಬದಿಯ ಫ್ರೇಮನ್ನೇ ಹಿಡಿಯಿರಿ, ಇಲ್ಲದಿದ್ದರೆ ಫ್ರೇಮ್ ತಿರುಚಿಕೊಳ್ಳುತ್ತದೆ.

ಕೈ ತೊಳೆಯುವ ಸೋಪು ಆಗಲ್ವಾ ಅಂತ ಕೇಳಬಹುದು. ಚರ್ಮ ಮೆತ್ತಗಾಗಲಿ ಅಂತ ಕ್ರೀಮ್ ಸೇರಿಸಿದ ಸೋಪಾದರೆ ಬೇಡ, ಅದೇ ಒಂದು ಜಿಡ್ಡಿನ ಪೊರೆ ಬಿಡುತ್ತದೆ. ಕಿಟಕಿ ಗಾಜಿಗೆ ಹಾಕುವ ಅಮೋನಿಯಾ ಇರುವ ಕ್ಲೀನರ್, ವಿನೆಗರ್, ಬ್ಲೀಚ್ ಯಾವುದೂ ಬೇಡ. ನೇಲ್ ಪಾಲಿಶ್ ತೆಗೆಯುವ ಅಸಿಟೋನ್ ಅಂತೂ ಪಾಲಿಕಾರ್ಬೊನೇಟ್ ಲೆನ್ಸನ್ನೂ ಕೆಲವು ಪ್ಲಾಸ್ಟಿಕ್ ಫ್ರೇಮುಗಳನ್ನೂ ತಿಂದುಹಾಕುತ್ತದೆ. ಇನ್ನು ನೀವು ಕೇಳಿದ ಲಿಕ್ವಿಡ್: ಕನ್ನಡಕಕ್ಕೆಂದೇ ಸಿಗುವ ಸ್ಪ್ರೇ ಪರವಾಗಿಲ್ಲ, ಹೊರಗಡೆ ಇದ್ದಾಗ ಅನುಕೂಲ. ಆದರೆ ಧಾರಾಳವಾಗಿ ಹಾಕಿ, ಲೆನ್ಸ್ ಒದ್ದೆಯಾಗಿರುವಾಗಲೇ ಒರೆಸಿ. ಟಿಶ್ಯೂ ಪೇಪರ್ ಬೇಡ, ಅದು ಮರದ ನಾರು, ಲೆನ್ಸಿಗೆ ಒರಟು.

ಮೈಕ್ರೋಫೈಬರ್ ಬಟ್ಟೆಯನ್ನೂ ಆಗಾಗ ಒಗೆಯಬೇಕು. ಇದನ್ನು ಯಾರೂ ಮಾಡಲ್ಲ. ಚೀಲದ ತಳದಲ್ಲಿ ಆರು ತಿಂಗಳು ಬಿದ್ದ ಬಟ್ಟೆಗೂ ನಿಮ್ಮ ಅಂಗಿಗೂ ದೊಡ್ಡ ವ್ಯತ್ಯಾಸ ಇಲ್ಲ. ಒಗೆಯುವಾಗ ಫ್ಯಾಬ್ರಿಕ್ ಸಾಫ್ಟ್‌ನರ್ ಮಾತ್ರ ಹಾಕಬೇಡಿ, ಅದರ ಮೇಣದಂಥ ಅಂಶ ಲೆನ್ಸಿಗೆ ಹತ್ತುತ್ತದೆ.

ಇನ್ನು ಕೋಟಿಂಗ್ ಎದ್ದ ವಿಷಯ. ನನ್ನದೊಂದು ಕನ್ನಡಕ ಹೀಗೇ ಹೋಯಿತು. ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಒಂದು ಮಧ್ಯಾಹ್ನ ಬಿಟ್ಟಿದ್ದೆ. ಸಂಜೆ ಹಾಕಿಕೊಂಡರೆ ದೀಪದ ಸುತ್ತ ಮಸುಕು. ತೊಳೆದೆ, ಹೋಗಲಿಲ್ಲ. ಟೇಬಲ್ ಲ್ಯಾಂಪಿನ ಕೆಳಗೆ ಓರೆಯಾಗಿ ಹಿಡಿದಾಗ ಒಣಗಿದ ಕೆರೆಯ ತಳದ ಹಾಗೆ ಸಣ್ಣ ಸಣ್ಣ ಬಿರುಕು. ಬಿಸಿಗೆ ಪ್ಲಾಸ್ಟಿಕ್ ಜಾಸ್ತಿ ಹಿಗ್ಗುತ್ತದೆ, ಮೇಲಿನ ಪದರ ಅಷ್ಟು ಹಿಗ್ಗದೆ ಸೀಳುತ್ತದೆ. ಕುದಿಯುವಂಥ ನೀರಲ್ಲಿ ತೊಳೆದರೂ ಇದೇ ಗತಿ.

ನೀವೂ ಒಮ್ಮೆ ಚೆನ್ನಾಗಿ ತೊಳೆದು, ಒಣಗಿಸಿ, ದೀಪದ ಕೆಳಗೆ ಹಾಗೇ ಹಿಡಿದು ನೋಡಿ. ಮಬ್ಬು ಹೋಯಿತೋ, ಅದು ಬರೀ ಜಿಡ್ಡು. ಬಿರುಕಿನ ಬಲೆಯೋ ಸುಲಿದ ತೇಪೆಯೋ ಕಂಡರೆ ಯಾವ ಲಿಕ್ವಿಡ್ಡೂ ಸರಿಮಾಡುವುದಿಲ್ಲ. ಟೂತ್‌ಪೇಸ್ಟ್ ಹಾಕಿ ತಿಕ್ಕಿ ಅಂತ ಯಾರಾದರೂ ಹೇಳಿದರೆ ಸುಮ್ನೆ ತಲೆಯಾಡಿಸಿ ಬಿಟ್ಟುಬಿಡಿ, ಅದರಲ್ಲಿ ಹಲ್ಲಿನ ಕೊಳೆ ಕೆರೆದು ತೆಗೆಯುವ ಒರಟು ಪುಡಿ ಇದೆ, ಇರುವ ಕೋಟಿಂಗೂ ಹೋಗುತ್ತದೆ. ಫ್ರೇಮ್ ಗಟ್ಟಿ ಇದ್ದರೆ ಲೆನ್ಸ್ ಮಾತ್ರ ಬದಲಾಯಿಸಿಕೊಳ್ಳಬಹುದು. ವರ್ಷದ ಒಳಗೇ ಆಗಿದೆಯಲ್ಲ, ಕೋಟಿಂಗಿಗೆ ಗ್ಯಾರಂಟಿ ಇತ್ತಾ ಅಂತ ಬಿಲ್ ತೆಗೆದು ನೋಡಿ.